ಒಂದು ಎಕರೆ ಕಬ್ಬಿಗೆ ಎಂಟು ತಾಸು ಹಾರಾಟ

ಹೋದ ವಾರ ಗಡಹಿಂಗ್ಲಜದಿಂದ ನನ್ನ ತಂಗಿ ಉತ್ತೂರಿಗೆ ಬಂದಿದ್ದಳು. ಬಾಳೆಹಣ್ಣಿನ ಚೀಲದೊಳಗೆ ಹೊಲದ ಸಾತ್‌ಬಾರಾ ಉತಾರ ಇತ್ತು. ಅದನ್ನು ನೋಡಿದ ಕೂಡಲೇ ಇದು ಬರೀ ಭೆಟ್ಟಿಯಲ್ಲ ಅಂತ ಗೊತ್ತಾಯಿತು.

"ಅಣ್ಣಾ, ಹೊಲ ಕೊಟ್ಟರ ಹುಡುಗನ ತಾಸು ಒಮ್ಮೆಲೇ ಮುಗೀತಾವಂತ. ನೀ ಏನಂತಿ?" ಅಂದಳು.

ಅವಳ ಮಗ, ಅಂದರೆ ನನ್ನ ಅಳಿಯ, ಖಾಸಗಿ ಪೈಲಟ್ ಲೈಸೆನ್ಸ್ ತೆಗೆದುಕೊಂಡಿದ್ದಾನೆ. ಅದಕ್ಕೆ ಕನಿಷ್ಠ 40 ತಾಸು ಹಾರಿರಬೇಕು; ಇವನು 50 ಮುಗಿಸಿದ್ದಾನೆ. ಆದರೆ ಆ ಲೈಸೆನ್ಸಿನ ಮೇಲೆ ಸ್ವಂತಕ್ಕೆ ಹಾರಬಹುದೇ ಹೊರತು ಬಾಡಿಗೆ ಪಡೆದು ಜನರನ್ನು ಕೂರಿಸುವಂತಿಲ್ಲ, ಸಂಬಳವೂ ಸಿಗುವುದಿಲ್ಲ. ಸಂಬಳ ಬೇಕಾದರೆ ಕಮರ್ಷಿಯಲ್ ಲೈಸೆನ್ಸ್ ಬೇಕು, ಅದಕ್ಕೆ 200 ತಾಸು. ಅದರಲ್ಲಿ 100 ತಾಸು ತಾನೇ ವಿಮಾನದ ಯಜಮಾನನಾಗಿ ಹಾರಿಸಿದ್ದಿರಬೇಕು. ಉಳಿದ 150 ತಾಸನ್ನು ದುಡ್ಡು ಕೊಟ್ಟೇ ಕೊಳ್ಳಬೇಕು.

ತಾಸಿಗೆ 15,000 ರೂಪಾಯಿ ಅಂತ ಹಿಡಿಯಿರಿ. 150 ತಾಸಿಗೆ 22 ಲಕ್ಷ 50 ಸಾವಿರ ಆಯಿತು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಎಕರೆಗೆ 40 ಟನ್ ಕಬ್ಬು, ಟನ್ನಿಗೆ 3,000 ಸಿಕ್ಕರೆ 1 ಲಕ್ಷ 20 ಸಾವಿರ. ಗೊಬ್ಬರ, ನೀರು, ಆಳಿನ ಖರ್ಚು ತೆಗೆಯದೆ ಒಂದು ಎಕರೆಯ ಇಡೀ ವರ್ಷದ ಕಬ್ಬು ಎಂಟು ತಾಸಿನ ಹಾರಾಟಕ್ಕೆ ಸರಿಹೋಗುತ್ತದೆ.

ಎಸ್ಸೆಸ್ಸೆಲ್ಸಿ ಓದಿದ ರೈತ, ಕನ್ನಡದಲ್ಲೂ ತೆಲುಗಿನಲ್ಲೂ ಕವನ ಬರೆಯುವವ, ವಿಮಾನದ ಮಾತು ನಿನಗ್ಯಾಕೆ ಅಂತ ಓದುಗರು ಕೇಳಬಹುದು. ಖಾಸಗಿ ಪೈಲಟ್ ಲೈಸೆನ್ಸಿಗೆ ಸರ್ಕಾರ ಕೇಳುವ ಓದೂ ಹತ್ತನೇ ಇಯತ್ತೆಯೇ ಆಗಿದೆ, ಅಷ್ಟು ಅರ್ಹತೆ ನನಗೂ ಇದೆ! ಅದಿರಲಿ. ಹನ್ನೆರಡು ವರ್ಷ ಟ್ರ್ಯಾಕ್ಟರ್ ಬಾಡಿಗೆಗೆ ಬಿಟ್ಟವನು ನಾನು. ತಾಸಿನ ಬಾಡಿಗೆಯಲ್ಲಿ ದುಡ್ಡು ಎಲ್ಲಿ ಸೋರುತ್ತದೆ ಅನ್ನುವುದು ನನಗೆ ಗೊತ್ತು.

ಮೊದಲನೆಯದು ಮೀಟರು. ಟ್ರ್ಯಾಕ್ಟರ್ ಕೊಡುವಾಗ ಡೀಸೆಲ್ ಯಾರದು, ತಾಸು ಯಾವ ಮೀಟರಿನದು ಅಂತ ಮೊದಲೇ ಮಾತಾಡುತ್ತೇವೆ. ವಿಮಾನದಲ್ಲೂ ಅದೇ. ಪೆಟ್ರೋಲ್ ಸೇರಿಸಿ ಒಂದು ದರ, ಬಿಟ್ಟು ಒಂದು ದರ. ಮೀಟರುಗಳೂ ಎರಡು ತರಹ. ಹಾಬ್ಸ್ ಮೀಟರು ಗಡಿಯಾರದ ಹಾಗೆ, ಎಂಜಿನ್ ಚಾಲೂ ಆದರೆ ಓಡುತ್ತಲೇ ಇರುತ್ತದೆ. ಟ್ಯಾಕ್ ಮೀಟರು ನಮ್ಮ ಟ್ರ್ಯಾಕ್ಟರಿನದರಂತೆ ಎಂಜಿನ್ ಸುತ್ತಿನ ಮೇಲೆ ನಡೆಯುತ್ತದೆ, ನಿಧಾನ ತಿರುಗಿದರೆ ನಿಧಾನ ಏರುತ್ತದೆ. ದರ ಒಂದೇ ಇದ್ದರೂ ಬಿಲ್ಲು ಬೇರೆ ಆಗುತ್ತದೆ. ಲಾಗ್‌ಬುಕ್ಕಿನಲ್ಲಿ ಬರೆಯುವ ತಾಸು ಮಾತ್ರ ಹಾರಾಟಕ್ಕೆಂದು ವಿಮಾನ ಕದಲಿದಾಗಿನಿಂದ ಕೊನೆಗೆ ನಿಲ್ಲುವ ತನಕದ್ದು. ಯಾವ ಮೀಟರಿನ ಮೇಲೆ ಬಿಲ್ಲು ಅಂತ ಕೇಳಿದ್ದೆಯೇನೋ ಅಂದರೆ ಅಳಿಯ ತಲೆ ಕೆರೆದುಕೊಂಡ. ಐವತ್ತು ತಾಸು ಹಾರಿದವನು!

ಎರಡನೆಯದು, ಗುರಿಯಿಲ್ಲದ ತಾಸು. ಸುಮ್ಮನೆ ಊರ ಮೇಲೆ ಸುತ್ತಿದರೂ ತಾಸು ತುಂಬುತ್ತದೆ ಖರೆ. ಆದರೆ ನೂರು ತಾಸಿನ ಯಜಮಾನಿಕೆಯಲ್ಲಿ 20 ತಾಸು ಊರಿಂದೂರಿಗೆ ಹೋಗಿದ್ದಿರಬೇಕು. ಅದರಲ್ಲಿ ಒಂದು ಪ್ರಯಾಣ 300 ನಾಟಿಕಲ್ ಮೈಲಿಗೆ, ಅಂದರೆ ಸುಮಾರು 555 ಕಿಲೋಮೀಟರಿಗೆ ಕಡಿಮೆಯಿರದೆ, ನಡುವೆ ಎರಡು ಕಡೆ ಇಳಿದಿರಬೇಕು. ಬರೀ ಉಪಕರಣ ನೋಡಿ ಹಾರಿಸುವುದು 10 ತಾಸು, ರಾತ್ರಿ ಹಾರಾಟ 5 ತಾಸು. ಆ ಹತ್ತರಲ್ಲಿ ಐದರ ತನಕ ಮಂಜೂರಾದ ಸಿಮ್ಯುಲೇಟರಿನಲ್ಲಿ ಮಾಡಬಹುದು, ಅದು ಅಗ್ಗ. ಒಂದೇ ಪ್ರಯಾಣದಲ್ಲಿ ಎರಡು ಕಲಮು ತುಂಬುವ ಹಾಗೆ ಮೊದಲೇ ಕಾಗದದ ಮೇಲೆ ಯೋಜನೆ ಹಾಕಿದರೆ ತಾಸು ಪುನಃ ಕೊಳ್ಳುವ ಪ್ರಸಂಗ ಬರುವುದಿಲ್ಲ.

ಇಬ್ಬರು ಹೊಸ ಪೈಲಟರು ಕೂಡಿ ಒಂದು ವಿಮಾನ ಹಿಡಿಯುವುದೂ ಒಳ್ಳೆಯ ದಾರಿ. ಹೋಗುವಾಗ ಒಬ್ಬ ಹಾರಿಸಲಿ, ಬರುವಾಗ ಇನ್ನೊಬ್ಬ. ತಮ್ಮ ತಮ್ಮ ತಾಸಿನ ದುಡ್ಡು ತಾವೇ ಕೊಡಲಿ, ತಾನು ಹಾರಿಸಿದ್ದನ್ನಷ್ಟೇ ಬರೆದುಕೊಳ್ಳಲಿ. ಪಕ್ಕದಲ್ಲಿ ಕುಳಿತಾಗ ನಕಾಶೆ, ರೇಡಿಯೋ ಮಾತು ಪುಕ್ಕಟೆ ಕಲಿತಂತಾಗುತ್ತದೆ. ಅಮೆರಿಕದಲ್ಲಿ ಒಬ್ಬ ಕಣ್ಣಿಗೆ ಮರೆ ಕಟ್ಟಿಕೊಂಡು ಉಪಕರಣ ನೋಡಿ ಹಾರಿಸಿದರೆ, ಪಕ್ಕದಲ್ಲಿ ಕಾವಲು ಕೂತವನೂ ನಿಯಮದಂತೆ ಅದೇ ತಾಸನ್ನು ಬರೆದುಕೊಳ್ಳಬಹುದು. ಅದನ್ನು ಕೇಳಿ ನಮ್ಮ ಹುಡುಗರು ಇಲ್ಲಿಯೂ ಎರಡೆರಡು ಸಲ ಬರೆಯಲು ಹೋಗಬಾರದು. ಡಿಜಿಸಿಎಯಿಂದ ಬರವಣಿಗೆಯಲ್ಲಿ ಉತ್ತರ ಪಡೆಯದೆ ಒಂದು ತಾಸನ್ನೂ ಹಾಗೆ ಲೆಕ್ಕಕ್ಕೆ ಹಿಡಿಯಬಾರದು. ಅಲ್ಲಿಯ ಜನ ಹಳೆಯ ಎರಡು ಸೀಟಿನ ಸೆಸ್ನಾ ಕೊಂಡು, ತಾಸು ಮುಗಿಸಿ, ಮಾರಿಬಿಡುತ್ತಾರಂತೆ. ನಮ್ಮಲ್ಲಿ ಪರವಾನಗಿ, ನಿಲ್ಲಿಸುವ ಜಾಗ, ಎಂಜಿನಿಯರನ ಸಂಬಳ ಲೆಕ್ಕ ಹಾಕಿದರೆ ಅದು ಆನೆ ಸಾಕಿದಂತೆ.

ಈಗ ಅವಸರದ ಮಾತು. ನನ್ನ ತಾಯಿಯ ತವರು ಬಳ್ಳಾರಿ ಕಡೆ. ಏನು ಕೇಳಿದರೂ "ನಿದಾನಮೇ ಪ್ರಧಾನಮು" ಅನ್ನುತ್ತಿದ್ದಳು. ಆ ಬಳ್ಳಾರಿಗೆ 1932ರಲ್ಲೇ ಟಾಟಾ ಟಪಾಲು ವಿಮಾನ ಇಳಿದಿತ್ತು. ಕರಾಚಿಯಿಂದ ಮುಂಬೈಗೆ ಜೆ.ಆರ್.ಡಿ. ಟಾಟಾ ಸ್ವತಃ ಹಾರಿಸಿದರು. ಮುಂದೆ ಬಳ್ಳಾರಿ, ಮದ್ರಾಸಿಗೆ ನೆವಿಲ್ ವಿನ್ಸೆಂಟ್ ಒಯ್ದರು. ದಾರಿಯಲ್ಲಿ ಅಹಮದಾಬಾದಿನಲ್ಲಿ ಪೆಟ್ರೋಲಿನ ಡಬ್ಬಿ ಬಂದದ್ದು ಎತ್ತಿನ ಗಾಡಿಯಲ್ಲಿ! ನಮ್ಮ ಕೊಲ್ಹಾಪುರದ ನಿಲ್ದಾಣವೂ ರಾಜಾರಾಮ ಮಹಾರಾಜರ ಕಾಲದ್ದು, 1939ರದು. ಆದರೆ ತಾಯಿಯ ನಿಧಾನ ಇಲ್ಲಿ ಪೂರಾ ನಡೆಯುವುದಿಲ್ಲ. ಕಮರ್ಷಿಯಲ್ ಲೈಸೆನ್ಸಿಗೆ ಅರ್ಜಿ ಹಾಕುವ ದಿನದಿಂದ ಹಿಂದಕ್ಕೆ ಐದು ವರ್ಷದೊಳಗಿನ ತಾಸುಗಳನ್ನೇ ಎಣಿಸುತ್ತಾರೆ, ಕೊನೆಯ ಆರು ತಿಂಗಳಲ್ಲಿ 15 ತಾಸಾದರೂ ಹಾರಿರಬೇಕು. ವರ್ಷಕ್ಕೆ ಹತ್ತು ಹತ್ತು ಹಾರಿದವನ ತಾಸು ಹಿಂದಿನಿಂದ ಉದುರುತ್ತಾ ಹೋಗುತ್ತವೆ. ಮೇಲಾಗಿ ಜೂನದಿಂದ ಸಪ್ಟೆಂಬರ್ ತನಕ ನಮ್ಮ ಕಡೆ ಮೋಡ ತಲೆಯ ಮೇಲೇ ಕೂತಿರುತ್ತದೆ. ಸಾಲ ತೆಗೆದವನ ಬಡ್ಡಿ ಮಾತ್ರ ಮಳೆಗಾಲದಲ್ಲೂ ಓಡುತ್ತದೆ. ಆದ್ದರಿಂದ ದೀಪಾವಳಿಗೆ ಸುರು ಮಾಡಿ ಮೇ ತನಕ ಬಿಡದೆ ಹಾರುವುದು, ಹೀಗೆ ಎರಡು ಅಥವಾ ಮೂರು ಹಂಗಾಮು. ನನಗೆ ಕಂಡ ಲೆಕ್ಕ ಇದು.

ತಂಗಿಗೆ ನಾನು ಒತ್ತಿ ಹೇಳಿದ್ದು ಮುಂಗಡದ ಬಗ್ಗೆ. ಅಳಿಯನ ಜೊತೆಗಾರನೊಬ್ಬ, ಹೆಸರು ಬೇಡ, ರಿಯಾಯತಿ ಸಿಗುತ್ತದೆ ಅಂತ ಒಂದು ಶಾಲೆಗೆ ಪೂರ್ತಿ ದುಡ್ಡು ಒಮ್ಮೆಲೇ ಕಟ್ಟಿದ. ವಿಮಾನ ರಿಪೇರಿಗೆ ನಿಂತಿತು, ಕಲಿಸುವವರು ಬಿಟ್ಟುಹೋದರು, ಎಂಟು ತಿಂಗಳಲ್ಲಿ ಅವನು ಹಾರಿದ್ದು ಹನ್ನೊಂದು ತಾಸು. ಅವರಪ್ಪ ಮಾರಿದ ಹೊಲದಲ್ಲಿ ಈಗ ಬೇರೆಯವರ ಕಬ್ಬು ನಿಂತಿದೆ. ಕಾರ್ಖಾನೆಯವರು ನಮಗೆ ಕಬ್ಬಿನ ದುಡ್ಡನ್ನು ಹಪ್ತೆ ಹಪ್ತೆಯಾಗಿ ಕೊಡುವುದಿಲ್ಲವೇ? ಹಾರಾಟಕ್ಕೂ ಹಾಗೇ ಕೊಡೋಣ. ಹತ್ತು ತಾಸಿನದು ಕಟ್ಟು, ಹತ್ತು ಹಾರು, ಮುಂದಿನದು ಕಟ್ಟು. ಬ್ಯಾಂಕಿನವರೂ ಸಾಲವನ್ನು ಲಾಗ್‌ಬುಕ್ ನೋಡಿ ಕಂತಿನಲ್ಲಿ ಬಿಡುಗಡೆ ಮಾಡುವುದು ಒಳ್ಳೆಯದು.

ಇನ್ನು ಸರ್ಕಾರಕ್ಕೊಂದು ಮಾತು. 2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರ ಹಾರಾಟ ಶಾಲೆಗಳಿಗೆ ಜಾಗ ಕೊಟ್ಟ ಮೊದಲ ಐದು ನಿಲ್ದಾಣಗಳಲ್ಲಿ ಬೆಳಗಾವಿ, ಕಲಬುರಗಿ ಇದ್ದವು. ಆಮೇಲಿನ ಸುತ್ತಿನಲ್ಲಿ ಹುಬ್ಬಳ್ಳಿ, ಕಡಪದ ಹೆಸರೂ ಬಂತು. ಶಾಲೆಗಳು ಪ್ರಾಧಿಕಾರಕ್ಕೆ ಕೊಡಬೇಕಾಗಿದ್ದ ಗಳಿಕೆಯ ಪಾಲನ್ನು ಕೈಬಿಟ್ಟು, ಜಾಗದ ಬಾಡಿಗೆಯನ್ನೂ ಇಳಿಸಿದರು. ಸಂತೋಷ. ಆದರೆ ಆ ಉಳಿತಾಯ ಹುಡುಗರ ಬಿಲ್ಲಿನಲ್ಲಿ ಎಷ್ಟು ಕಾಣುತ್ತದೆ ಅಂತ ಕೇಳುವವರು ಯಾರು? ತಾಸಿನ ದರ, ಮೀಟರಿನ ಹೆಸರು, ಹಾರಲು ಯೋಗ್ಯವಾದ ವಿಮಾನ ಎಷ್ಟು, ಹಾರದೆ ಉಳಿದರೆ ಹಣ ವಾಪಸು ಎಷ್ಟು ದಿನದಲ್ಲಿ, ಇವನ್ನು ಪ್ರತಿ ಶಾಲೆಯೂ ಬಾಗಿಲಲ್ಲಿ ಬರೆದು ಹಾಕುವಂತೆ ಕಡ್ಡಾಯ ಮಾಡಬೇಕು. 2025ರಲ್ಲಿ ಡಿಜಿಸಿಎ ಶಾಲೆಗಳಿಗೆ ದರ್ಜೆ ಕೊಟ್ಟಾಗ ಮೊದಲ ಪಟ್ಟಿಯಲ್ಲಿ ಮೇಲಿನ ಎರಡು ದರ್ಜೆಗೆ ಒಂದು ಶಾಲೆಯೂ ಏರಲಿಲ್ಲ. ದುಡ್ಡು ಕಟ್ಟುವ ಮೊದಲು ಪಾಲಕರು ಆ ಪಟ್ಟಿಯನ್ನು ನೋಡಲೇಬೇಕು.

ಅಗ್ಗ ಅಂದಕೂಡಲೇ ಎರಡು ಹೆದರಿಕೆ ಇವೆ. ಒಂದು, ದುರಸ್ತಿಯಲ್ಲಿ ಉಳಿಸುವುದು. 2023ರ ಮೇ 30ರಂದು ಬೆಳಗಾವಿಯ ಸಾಂಬ್ರಾದಿಂದ ಎದ್ದ ತರಬೇತಿ ವಿಮಾನ ಹೊನ್ನಿಹಾಳದ ಹತ್ತಿರ ಹೊಲದಲ್ಲಿ ಇಳಿಯಬೇಕಾಯಿತು. ಅದೇ ಅಕ್ಟೋಬರದಲ್ಲಿ ಬಾರಾಮತಿ ಹತ್ತಿರ ನಾಲ್ಕೇ ದಿನದಲ್ಲಿ ಎರಡು ಬಿದ್ದವು. ಯಾವುದರ ಕಾರಣ ಏನು ಅಂತ ತೀರ್ಪು ಕೊಡುವ ಕೆಲಸ ನನ್ನದಲ್ಲ. ಆದರೆ ದರ ತೀರಾ ಕಡಿಮೆ ಇದ್ದಲ್ಲಿ ಎಂಜಿನಿಯರನನ್ನು ಮೊದಲು ಭೆಟ್ಟಿಯಾಗಿರಿ, ಮ್ಯಾನೇಜರನನ್ನು ಆಮೇಲೆ. ಇನ್ನೊಂದು, ಹಾರದ ತಾಸು ಬರೆಯುವುದು. 2011ರಲ್ಲಿ ರಾಜಸ್ಥಾನದಲ್ಲಿ ಅಂಥ ಸುಳ್ಳು ತಾಸುಗಳ ಪ್ರಕರಣ ಹೊರಬಿದ್ದು, ಪೈಲಟರನ್ನೇ ಹಿಡಿದು ಒಯ್ದರು. ತೂಕದಲ್ಲಿ ಮೋಸ ಮಾಡಿದರೆ ಒಂದು ಗಾಡಿ ಕಬ್ಬು ಹೋಗುತ್ತದೆ, ಇಲ್ಲಿ ಮುಂದೆ ನೂರಾರು ಜನ ಅವನ ಹಿಂದೆ ಕೂತಿರುತ್ತಾರೆ. ಅಳಿಯನಿಗೆ ಇದನ್ನು ಹೇಳಿದಾಗ "ಮಾಮಾ, ನನಗಷ್ಟೂ ತಿಳೀತದ" ಅಂತ ಸಿಟ್ಟಾದ. ಸಿಟ್ಟು ಬಂದದ್ದು ನನಗೆ ಸಮಾಧಾನ ತಂದಿತು.

ತಂಗಿ ಒಪ್ಪಿದ್ದು ಇಷ್ಟು: ಹೊಲ ಸದ್ಯಕ್ಕೆ ಕೊಡುವುದಿಲ್ಲ. ದೀಪಾವಳಿ ಮುಗಿದ ಮೇಲೆ ಹತ್ತು ತಾಸಿನ ದುಡ್ಡು ಕಟ್ಟುವುದು, ಅದರಲ್ಲಿ ಅರ್ಧ ನನ್ನದು. ಪಾಲಿಗೆ ಇನ್ನೊಬ್ಬ ಹುಡುಗನನ್ನು ಅಳಿಯನೇ ಹುಡುಕಬೇಕು. ಕಾರ್ಖಾನೆಯ ಮೊದಲ ಬಿಲ್ಲು ಬಂದ ಮೇಲೆ ಲಾಗ್‌ಬುಕ್ ಮುಂದಿಟ್ಟುಕೊಂಡು ಮತ್ತೆ ಕೂಡುವುದು.