ಗೃಹಾರೋಗ್ಯ: ಬೀಜವೂ ನೆಲವೂ

ಮನೆಮಂದಿಯೆಲ್ಲರೂ ಓದುವ ಪತ್ರಿಕೆಯಲ್ಲಿ ಸ್ತನದ ಅರ್ಬುದರೋಗದ ಮಾತನ್ನೆತ್ತುವುದು ಉಚಿತವೆ ಎಂದು ಕೆಲವರು ಶಂಕಿಸಬಹುದು. ಉಚಿತವೆಂದೇ ನಾವು ಭಾವಿಸುತ್ತೇವೆ. ಈ ವ್ಯಾಧಿಯಿಂದ ಸ್ತ್ರೀಯರಿಗೊದಗುವ ಹಾನಿಯಲ್ಲಿ ಒಂದು ಪಾಲು ರೋಗದ್ದಾದರೆ, ಮತ್ತೊಂದು ಪಾಲು ಸಂಕೋಚದ್ದು. ೨೦೨೨ರಲ್ಲಿ ಲೋಕದಲ್ಲೆಲ್ಲ ಸುಮಾರು ೨೩ ಲಕ್ಷ ಸ್ತ್ರೀಯರಲ್ಲಿ ಇದು ಹೊಸದಾಗಿ ಕಂಡುಬಂದಿತೆಂದೂ, ಸುಮಾರು ೬ ಲಕ್ಷ ೭೦ ಸಾವಿರ ಮಂದಿ ಇದರಿಂದ ಮಡಿದರೆಂದೂ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಿಂದ ತಿಳಿಯುತ್ತದೆ. ಇಷ್ಟು ಮನೆಗಳನ್ನು ಹೊಗುವ ರೋಗವನ್ನು ಕುರಿತು ಮನೆಯಲ್ಲಿಯೇ ಮಾತನಾಡಬಾರದೆಂದರೆ ಮತ್ತೆಲ್ಲಿ ಆಡುವುದು?

ಸ್ತನದಲ್ಲಿಯೇ ನಿಂತಿರುವ ಗಂಟು ಸಾಮಾನ್ಯವಾಗಿ ಪ್ರಾಣವನ್ನು ಹರಿಸುವುದಿಲ್ಲ. ಅದರ ಕಣಗಳು ಅಲ್ಲಿಂದ ಹೊರಟು ಎಲುಬು, ಶ್ವಾಸಕೋಶ, ಯಕೃತ್ತು, ಮಿದುಳು ಮುಂತಾದೆಡೆಗಳಲ್ಲಿ ನೆಲಸಿದಾಗ ಅಪಾಯವು ಒದಗುತ್ತದೆ. ಈ ಹರಡುವಿಕೆಯ ಬಗೆಯೇನೆಂಬುದನ್ನು ಮೊದಲಲ್ಲಿ ಸೂಕ್ಷ್ಮವಾಗಿ ವಿಚಾರಿಸಿದವರಲ್ಲಿ ಲಂಡನ್ನಿನ ಶಸ್ತ್ರವೈದ್ಯನಾದ ಸ್ಟೀಫನ್ ಪ್ಯಾಜೆಟ್ ಒಬ್ಬನು. ಈ ರೋಗದಿಂದ ಮೃತರಾದ ೭೩೫ ಮಂದಿಯ ವೃತ್ತಾಂತಗಳನ್ನು ಆತನು ಕಲೆಹಾಕಿ ೧೮೮೯ರಲ್ಲಿ ಪ್ರಕಟಿಸಿದನು. ಯಕೃತ್ತಿನಲ್ಲಿ ರೋಗವು ೨೪೧ ಮಂದಿಗೆ ಕಂಡಿದ್ದಿತು. ಗುಲ್ಮದಲ್ಲಿ ಕೇವಲ ೧೭ ಮಂದಿಗೆ. ರಕ್ತವು ಎರಡು ಅಂಗಗಳಿಗೂ ಹರಿಯುವುದಷ್ಟೆ. ರಕ್ತವು ಕೊಂಡೊಯ್ದ ಕಡೆಯಲ್ಲೆಲ್ಲ ರೋಗವು ಬೇರೂರುವುದಾದರೆ ಇಷ್ಟು ತಾರತಮ್ಯವು ಎಲ್ಲಿಂದ ಬರಬೇಕು? ಗಿಡದ ಬೀಜವು ಗಾಳಿಯಲ್ಲಿ ಎಲ್ಲ ದಿಕ್ಕಿಗೂ ಹಾರಿದರೂ ಒಪ್ಪುವ ನೆಲದಲ್ಲಿ ಮಾತ್ರ ಮೊಳೆಯುವಂತೆ, ಅರ್ಬುದದ ಕಣವೂ ತನಗೊಪ್ಪುವ ಅಂಗದಲ್ಲಿಯೇ ಬೆಳೆಯುವುದೆಂದು ಆತನು ತರ್ಕಿಸಿದನು. ಬಿತ್ತನೆಯನ್ನು ಬಲ್ಲ ನಮ್ಮ ರೈತರಿಗೆ ಇದನ್ನು ವಿವರಿಸಬೇಕಾದುದಿಲ್ಲ.

ಆದರೆ ಆ ಕಾಲದ ಶಸ್ತ್ರವೈದ್ಯರು ಬೇರೊಂದು ಮತವನ್ನು ಹಿಡಿದರು. ರೋಗವು ನೀರಿನ ಕಲೆಯಂತೆ ಸ್ತನದಿಂದ ಸುತ್ತಲೂ ಹಬ್ಬಿ, ಕಂಕುಳಿನ ದುಗ್ಧಗ್ರಂಥಿಗಳನ್ನು ದಾಟಿ ದೂರಕ್ಕೆ ಹೋಗುವುದೆಂದು ಅವರ ನಂಬಿಕೆ. ಅಮೇರಿಕದ ಬಾಲ್ಟಿಮೋರಿನ ವಿಲಿಯಂ ಹಾಲ್‌ಸ್ಟೆಡ್ ೧೮೯೪ರಲ್ಲಿ ಪ್ರಕಟಿಸಿದ ಕ್ರಮದಂತೆ, ಸ್ತನವನ್ನೂ ಅದರ ಕೆಳಗಿನ ಎದೆಯ ಸ್ನಾಯುಗಳನ್ನೂ ಕಂಕುಳಿನ ಗ್ರಂಥಿಗಳನ್ನೂ ಒಟ್ಟಿಗೆ ಕತ್ತರಿಸಿ ತೆಗೆಯುತ್ತಿದ್ದರು. ಮುಕ್ಕಾಲು ಶತಮಾನ ಇದೇ ಕ್ರಮವು ನಡೆಯಿತು. ಎದೆಗುಳಿ ಬಿದ್ದು, ತೋಳು ಊದಿ, ಕೈಯೆತ್ತಲಾರದೆ ಬಾಳಿದ ಸ್ತ್ರೀಯರು ಅಸಂಖ್ಯರು.

ಇದನ್ನು ಪರೀಕ್ಷೆಗೊಡ್ಡಿದವರಲ್ಲಿ ಮುಖ್ಯನು ಪಿಟ್ಸ್‌ಬರ್ಗಿನ ಬರ್ನಾರ್ಡ್ ಫಿಷರ್. ೧೯೭೧ರಿಂದ ಆತನೂ ಸಂಗಡಿಗರೂ ರೋಗಿಗಳ ಒಪ್ಪಿಗೆಯಿಂದ ಅವರನ್ನು ಗುಂಪುಗಳಾಗಿ ಮಾಡಿ, ಬೇರೆ ಬೇರೆ ಚಿಕಿತ್ಸೆಗಳನ್ನು ಹೋಲಿಸಿ ನೋಡಿದರು. ಗಂಟನ್ನು ಮಾತ್ರ ತೆಗೆದು ಕಿರಣಚಿಕಿತ್ಸೆ ಮಾಡಿದವರೂ, ಸ್ತನವನ್ನೆಲ್ಲ ತೆಗೆಸಿಕೊಂಡವರೂ ಸಮವಾಗಿಯೇ ಬದುಕಿದರೆಂದು ೧೯೮೫ರಲ್ಲಿ ಪ್ರಕಟವಾಯಿತು. ಇಪ್ಪತ್ತು ವರ್ಷಗಳ ಅನುಸರಣೆಯ ಬಳಿಕ ೨೦೦೨ರಲ್ಲಿಯೂ ಅದೇ ಸ್ಥಿರಪಟ್ಟಿತು. ರೋಗದ ಕಣಗಳು ಮೊದಲಲ್ಲಿಯೇ ರಕ್ತವನ್ನು ಸೇರಬಲ್ಲವು; ಆದುದರಿಂದ ಸುತ್ತಲಿನ ಮಾಂಸವನ್ನು ಹೆಚ್ಚು ಕತ್ತರಿಸಿದ ಮಾತ್ರಕ್ಕೆ ಪ್ರಾಣವು ಹೆಚ್ಚಾಗಿ ಉಳಿಯದು ಎಂಬುದು ಫಲಿತಾರ್ಥ.

ಇಲ್ಲಿ ವಿಚಾರಪರರಿಗೆ ಒಂದು ಸಂದೇಹವು ಏಳುವುದು ಸಹಜ. ಬೀಜವು ಮೊದಲೇ ಚೆಲ್ಲಿಹೋಗಿರುವುದಾದರೆ, ರೋಗವನ್ನು ಬೇಗ ಕಂಡುಹಿಡಿದು ಫಲವೇನು? ಫಲವುಂಟು. ಚೆಲ್ಲಿದ ಬೀಜವೆಲ್ಲ ಮೊಳೆಯುವುದಿಲ್ಲ. ಗಂಟು ಚಿಕ್ಕದಾಗಿರುವಾಗ ಚೆಲ್ಲುವ ಬೀಜವೂ ಕಡಮೆ. ಚೆಲ್ಲಿದ್ದನ್ನು ಮೊಳೆಯುವ ಮುನ್ನ ಔಷಧಗಳಿಂದ ತಡೆಯುವ ಅವಕಾಶವೂ ಹೆಚ್ಚು. ಕೆಲವು ಕಣಗಳು ಹತ್ತು ಹದಿನೈದು ವರ್ಷ ಮಲಗಿದ್ದು ಏಳುವುದುಂಟಾದುದರಿಂದಲೇ, ಗುಣವಾದ ಮೇಲೆಯೂ ವೈದ್ಯರ ಕಣ್ಣು ತಪ್ಪಿಸಬಾರದೆನ್ನುವುದು.

ಬೇಗ ಕಾಣುವ ಉಪಾಯಗಳಲ್ಲಿ ಕ್ಷ-ಕಿರಣ ಚಿತ್ರವು ಮೊದಲನೆಯದು. ಬರ್ಲಿನ್ನಿನ ಆಲ್ಬರ್ಟ್ ಸಾಲೊಮನ್ ೧೯೧೩ರಲ್ಲಿಯೇ, ಶಸ್ತ್ರಕ್ರಿಯೆಯಲ್ಲಿ ತೆಗೆದ ಸ್ತನಗಳ ಚಿತ್ರಗಳನ್ನು ತೆಗೆದು ರೋಗದ ಗುರುತುಗಳನ್ನು ವರ್ಣಿಸಿದ್ದನು. ನ್ಯೂಯಾರ್ಕಿನಲ್ಲಿ ೧೯೬೩ರಲ್ಲಿ ತೊಡಗಿ ಸುಮಾರು ೬೨,೦೦೦ ಸ್ತ್ರೀಯರ ಮೇಲೆ ನಡೆದ ಪ್ರಯೋಗದಲ್ಲಿ, ಇಂತಹ ಚಿತ್ರ ಮತ್ತು ವೈದ್ಯರ ಕೈಪರೀಕ್ಷೆ ಇವೆರಡರಿಂದ ಮರಣಗಳು ಕುಗ್ಗಿದುವು. ಆದರೆ ಎಳೆಯ ಪ್ರಾಯದವರ ಸ್ತನವು ದಟ್ಟವಾಗಿರುವುದರಿಂದ ಚಿತ್ರದಲ್ಲಿ ಗಂಟು ಮರೆಯಾಗಬಹುದು; ಮೇಲಾಗಿ ಯಂತ್ರವು ಪ್ರತಿ ಹಳ್ಳಿಗೂ ಬರುವಂತಹುದಲ್ಲ.

ಆದುದರಿಂದ ನಮ್ಮ ಗೃಹಿಣಿಯರು ಮುಖ್ಯವಾಗಿ ತಿಳಿಯಬೇಕಾದುದು ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರ ಕಾರ್ಯವನ್ನು. ಅವರು ೧೯೯೮ರಲ್ಲಿ ಆರಂಭಿಸಿ, ೩೫ರಿಂದ ೬೪ರ ವಯಸ್ಸಿನ ೧,೫೧,೫೩೮ ಸ್ತ್ರೀಯರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನವರನ್ನು ತರಬೇತು ಹೊಂದಿದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದಲೇ ಪರೀಕ್ಷಿಸಿದರು. ಫಲಿತಾಂಶವು ೨೦೨೧ರಲ್ಲಿ ಹೊರಬಂದಿತು. ಪರೀಕ್ಷೆಯಿಲ್ಲದ ಗುಂಪಿನ ರೋಗಿಗಳಲ್ಲಿ ನೂರಕ್ಕೆ ೪೭ ಮಂದಿಗೆ ರೋಗವು ಮುಂದುವರಿದ ಹಂತದಲ್ಲಿ ಕಂಡರೆ, ಪರೀಕ್ಷೆಗೊಳಗಾದವರಲ್ಲಿ ೩೭ ಮಂದಿಗೆ ಮಾತ್ರ. ಐವತ್ತು ದಾಟಿದವರಲ್ಲಿ ಮರಣವು ನೂರಕ್ಕೆ ಸುಮಾರು ೩೦ರಷ್ಟು ಕಡಮೆಯಾಯಿತು. ಐವತ್ತರೊಳಗಿನವರಲ್ಲಿ ಮರಣವು ಇಳಿಯಲಿಲ್ಲವೆಂಬುದನ್ನೂ ಮರೆಮಾಚದೆ ಹೇಳಬೇಕು. ಶಾಂಘೈ ನಗರದ ಗಿರಣಿಗಳ ೨ ಲಕ್ಷ ೬೬ ಸಾವಿರ ಸ್ತ್ರೀಯರಲ್ಲಿ ನಡೆಸಿದ ಮತ್ತೊಂದು ಪ್ರಯೋಗದಲ್ಲಿ, ತಮ್ಮನ್ನು ತಾವೇ ಪರೀಕ್ಷಿಸಿಕೊಳ್ಳಲು ಕಲಿಸಿದುದರಿಂದ ಮಾತ್ರ ಮರಣವು ಕುಗ್ಗಲಿಲ್ಲವೆಂದು ೨೦೦೨ರಲ್ಲಿ ತಿಳಿದುಬಂದಿತು. ಅರಿತ ಕೈಗೆ ತೋರಿಸಬೇಕು; ತೋರಿಸಿದ ಮೇಲೆ ಚಿಕಿತ್ಸೆಯೂ ದೊರೆಯಬೇಕು.

ನೋವಿಲ್ಲದ ಗಟ್ಟಿ ಗಂಟು, ಚರ್ಮದಲ್ಲಿ ಕುಳಿ ಅಥವಾ ಕಿತ್ತಳೆಯ ಸಿಪ್ಪೆಯಂತಹ ಒರಟು, ಹೊಸದಾಗಿ ಒಳಸರಿದ ತೊಟ್ಟು, ಅದರಿಂದ ರಕ್ತದ ಸೋರಿಕೆ, ಕಂಕುಳಿನಲ್ಲಿ ಗಡ್ಡೆ, ಇವುಗಳಲ್ಲಿ ಯಾವುದು ಕಂಡರೂ ತಡಮಾಡಲಾಗದು. ಗಂಟುಗಳಲ್ಲಿ ಬಹುಪಾಲು ಅರ್ಬುದವಲ್ಲವಾದುದರಿಂದ ಮೊದಲೇ ಎದೆಗುಂದಬೇಕಾದುದೂ ಇಲ್ಲ. ನೋವಿಲ್ಲವೆಂದು ಸುಮ್ಮನಿರುವುದು ಮಾತ್ರ ದೊಡ್ಡ ತಪ್ಪು. ಸೂಜಿಯಿಂದ ಚೂರು ತೆಗೆದು ಪರೀಕ್ಷಿಸಿದರೆ ರೋಗವು ಮೈಗೆಲ್ಲ ಹರಡುವುದೆಂಬ ಭಯಕ್ಕೆ ಆಧಾರವಿಲ್ಲ. ಇದು ಅಂಟುರೋಗವಲ್ಲ; ಯಾರ ಪಾಪದ ಫಲವೂ ಅಲ್ಲ.

ಗೃಹಸ್ಥರಿಗೂ ಒಂದು ಮಾತು. ಮಗಳ ಮದುವೆ ಮುಗಿಯಲಿ, ಸುಗ್ಗಿ ಕಳೆಯಲಿ, ಮಕ್ಕಳ ಪರೀಕ್ಷೆ ತೀರಲಿ ಎಂದು ತಾಯಿ ತನ್ನ ನೋವನ್ನು ಹಿಂದಿಡುವುದು ನಮ್ಮ ಮನೆಗಳ ವಾಡಿಕೆ. ಅವಳು ಬಾಯಿಬಿಟ್ಟು ಹೇಳುವಂತಹ ಸಲಿಗೆಯನ್ನು ಗಂಡನೂ ಅತ್ತೆಯೂ ಮಕ್ಕಳೂ ಉಂಟುಮಾಡಬೇಕು. ಹೇಳಿದ ದಿನವೇ ಬಂಡಿ ಹೂಡಿಯೋ ಬಸ್ಸು ಹತ್ತಿಯೋ ಆಸ್ಪತ್ರೆಗೆ ಕರೆದೊಯ್ಯಬೇಕು. ಬೀಜವು ನಮ್ಮ ಕೈಯಲ್ಲಿಲ್ಲದಿರಬಹುದು. ಹೊತ್ತು ಇನ್ನೂ ನಮ್ಮ ಕೈಯಲ್ಲಿದೆ.