ಹಿಪ್ಪುನೇರಳೆ ತೋಟಕ್ಕೆ ಪೊಟ್ಯಾಸಿಯಂ ಪಂಪು ಯಾಕೆ?

ಕನ್ನಡದಲ್ಲಿ ವಿಜ್ಞಾನ ಬರೀಬೇಕು ಅಂತ ಮಾತು ಶುರುವಾದಾಗಲೆಲ್ಲ ಒಬ್ಬರಾದರೂ ಕೇಳ್ತಾರೆ: “ಮಳೆ-ಬೆಳೆ ಬಗ್ಗೆ ಬರೀರಿ ಸ್ವಾಮಿ. ಜೀವಕೋಶದ ಒಳಗೆ ಸೋಡಿಯಂ ಎಷ್ಟು, ಪೊಟ್ಯಾಸಿಯಂ ಎಷ್ಟು ಅನ್ನೋದು ಶಿಡ್ಲಘಟ್ಟದ ರೈತನಿಗೆ ಯಾಕ್ರೀ?” ಕೇಳೋರು ಕನ್ನಡದ ಬಗ್ಗೆ ಕಾಳಜಿ ಇರೋ ನಮ್ಮವರೇ. ಅದಕ್ಕೇ ನನಗೆ ಸಿಟ್ಟು ಸ್ವಲ್ಪ ಜಾಸ್ತಿ.

ಶಿಡ್ಲಘಟ್ಟದ ಹೆಸರು ಅವರೇ ಎತ್ತಿದ್ದು ಒಳ್ಳೇದಾಯ್ತು. ಅಲ್ಲಿಂದಲೇ ಶುರು ಮಾಡೋಣ.

ನಾಲ್ಕು ಜ್ವರ ಮುಗಿಸಿ, ಹಣ್ಣಾಗಿ ಚಂದ್ರಿಕೆ ಹತ್ತೋ ಹುಳದ ಒಳಗೆ ರೇಷ್ಮೆ ನೂಲಾಗಿ ಇರೋದಿಲ್ಲ, ಅಂಟುಪಾಕವಾಗಿ ಇರುತ್ತೆ. ಗ್ರಂಥಿಯ ಹಿಂಭಾಗದ ಕೋಶಗಳು ಫೈಬ್ರೋಯಿನ್ ಅನ್ನೋ ಪ್ರೋಟೀನ್ ಮಾಡ್ತವೆ, ಮಧ್ಯಭಾಗದಲ್ಲಿ ಅದು ಶೇಖರವಾಗುತ್ತೆ. ಆ ಪಾಕದ ಸುಮಾರು ಕಾಲು ಭಾಗ ಪ್ರೋಟೀನೇ. ಆದರೂ ಅಲ್ಲಿ ಹೆಪ್ಪುಗಟ್ಟೋದಿಲ್ಲ. ಯಾಕಂದ್ರೆ ಕೋಶಗಳು ಪಂಪು ಹಾಕಿ ಅಯಾನುಗಳನ್ನ ಅಳತೆ ಮಾಡಿ ಇಟ್ಟಿರ್ತವೆ. ಹಿಂದಿನಿಂದ ಮುಂದಕ್ಕೆ ಬರ್ತಾ ಪಿಎಚ್ ಸುಮಾರು 8ರಿಂದ 6ರ ಹತ್ತಿರಕ್ಕೆ ಇಳಿಯುತ್ತೆ. ಕ್ಯಾಲ್ಸಿಯಂ ಕಮ್ಮಿಯಾಗಿ ಪೊಟ್ಯಾಸಿಯಂ ಜಾಸ್ತಿಯಾಗುತ್ತೆ. ಹುಳು ತಲೆ ಆಡಿಸಿ ಎಳೆದಾಗ ಆ ಪ್ರೋಟೀನುಗಳು ಸಾಲಾಗಿ ನಿಂತು ನೂಲಾಗ್ತವೆ. ಗೂಡಿನ ಮಾರುಕಟ್ಟೆಯಲ್ಲಿ ಹರಾಜಾಗೋದು ಈ ಏರ್ಪಾಟಿನ ಫಲವೇ.

ಇನ್ನು ಹುಳದ ಕರುಳು. ನಮ್ಮ ಜಠರದಲ್ಲಿ ಆಮ್ಲ ಇದ್ರೆ ಅದರ ಕರುಳಲ್ಲಿ ಕ್ಷಾರ, ಪಿಎಚ್ 10ರ ಆಸುಪಾಸು. ಅದನ್ನ ಹಾಗೆ ಇಡೋಕೆ ಕರುಳಿನ ಕೋಶಗಳು ಪ್ರೋಟಾನ್, ಪೊಟ್ಯಾಸಿಯಂಗಳನ್ನ ಹಗಲೂ ರಾತ್ರಿ ಪಂಪು ಮಾಡ್ತಾನೇ ಇರಬೇಕು.

ಈಗ ಪಕ್ಕದ ಹೊಲದವರು ಕೋಸಿನ ಹುಳಕ್ಕೆ ಬಿಟಿ ಪುಡಿ ಹೊಡೀತಾರೆ ಅಂದ್ಕೊಳ್ಳಿ. ಸಾವಯವ, ಮನುಷ್ಯರಿಗೆ ಏನೂ ಆಗಲ್ಲ ಅಂತ ಅಂಗಡಿಯವನು ಹೇಳಿರ್ತಾನೆ. ಅದು ಸುಳ್ಳಲ್ಲ. ಆ ಬ್ಯಾಕ್ಟೀರಿಯಾದ ಪ್ರೋಟೀನ್ ಹರಳು ಕರಗೋಕೆ ಕ್ಷಾರ ಬೇಕು, ಅಂಟಿಕೊಳ್ಳೋಕೆ ಹುಳದ ಕರುಳಲ್ಲಿರೋ ಗ್ರಾಹಕಗಳು ಬೇಕು. ನಮ್ಮ ಹೊಟ್ಟೆಯಲ್ಲಿ ಎರಡೂ ಇಲ್ಲ. ರೇಷ್ಮೆಹುಳದಲ್ಲಿ ಎರಡೂ ಇವೆ! ಗಾಳಿಗೆ ಪುಡಿ ಹಿಪ್ಪುನೇರಳೆ ಸೊಪ್ಪಿನ ಮೇಲೆ ಬಿತ್ತು, ಹುಳು ತಿಂತು, ಕೋಶದ ಪೊರೆಗೆ ತೂತು ಬಿತ್ತು. ಪಂಪು ಕಟ್ಟಿದ್ದ ಅಯಾನುಗಳ ಏರುಪೇರು ಸೋರಿಹೋಗುತ್ತೆ, ಕೋಶಗಳು ಊದಿ ಒಡೀತವೆ, ಹುಳು ಮೇವು ಬಿಟ್ಟು ಸಾಯುತ್ತೆ. ಅಂದ್ಹಾಗೆ ಈ ಬ್ಯಾಕ್ಟೀರಿಯಾವನ್ನ 1901ರಲ್ಲಿ ಜಪಾನಿನ ಇಶಿವಾಟ ಮೊದಲು ಕಂಡದ್ದೇ ಸತ್ತ ರೇಷ್ಮೆಹುಳದಲ್ಲಿ.

“ಹಿಪ್ಪುನೇರಳೆ ಹತ್ರ ಹೊಡೀಬೇಡಿ ಅಂದ್ರೆ ಸಾಕಲ್ಲ, ಕಾರಣ ಯಾಕೆ?” ಅಂತೀರಾ? ನಾಳೆ ಅದೇ ಪುಡಿ ಬೇರೆ ಹೆಸರಲ್ಲಿ ಚಿಂತಾಮಣಿಯ ಅಂಗಡಿಗೆ ಬರುತ್ತೆ. ಬರೀ ನಿಯಮ ಕಲಿತವನು ಹಳೇ ಡಬ್ಬದ ಹೆಸರು ಹುಡುಕ್ತಾನೆ. ಕಾರಣ ಗೊತ್ತಿರೋನು “ಸುರಕ್ಷಿತ ಅಂದ್ರಲ್ಲ, ಯಾರ ಹೊಟ್ಟೆಗೆ?” ಅಂತ ಕೇಳ್ತಾನೆ. ಒಂದು ಬೆಳೆ ಹುಳು ಉಳಿಯೋದು ಆ ಪ್ರಶ್ನೆಯಿಂದ.

ಪ್ರಶ್ನೆ ಕೇಳೋದನ್ನ ಕಲಿಸಿದ ಎಚ್. ನರಸಿಂಹಯ್ಯನವರು ಹುಟ್ಟಿದ್ದು ಗೌರಿಬಿದನೂರಿನ ಹೊಸೂರಲ್ಲಿ. ಅವರ ಸೀಮೆಯವರಿಗೇ “ನಿಮಗೆ ಕಾರಣ ಬೇಡ, ಸೂಚನೆ ಸಾಕು” ಅನ್ನೋದು ಕಾಳಜಿ ಅಲ್ಲ, ಅಹಂಕಾರ.

ಕೊನೇ ಮಾತು ನಮಗೇ. ಕೋಶವೋ ಜೀವಕಣವೋ ಅಂತ ನಾವು ತಿಂಗಳುಗಟ್ಟಲೆ ಜಗಳ ಆಡ್ತೀವಿ, ಬರೆಯೋದು ಮಾತ್ರ ಇಲ್ಲ. ಅತ್ತ ಹುಳು ಸಾಕೋರು ಜ್ವರ, ಹಣ್ಣಾಗೋದು, ಹಾಲುತೊಂಡೆ, ಸುಣ್ಣಕಟ್ಟು ಅಂತ ಪದಗಳನ್ನ ಯಾರನ್ನೂ ಕೇಳದೆ ಮಾಡ್ಕೊಂಡಿದ್ದಾರೆ. ಪೊಟ್ಯಾಸಿಯಂ ಅನ್ನೋದನ್ನೂ ಅರಗಿಸ್ಕೋತಾರೆ ಬಿಡಿ, ಗೊಬ್ಬರದ ಚೀಲದ ಮೇಲೆ ದಿನಾ ನೋಡೋ ಹೆಸರೇ ಅದು. ಬರೆಯೋಕೆ ನಾವು ರೆಡಿನಾ?