ಕನ್ನಡ ಸಂಶೋಧನೆಯ ಆಕರಗಳು ಮತ್ತು ಗಣಕ ಪರಿಣತಿ: ಗರಗದ ನಿದರ್ಶನ

ಆಕರಗಳನ್ನು ಕಲೆಹಾಕುವುದು, ವಿಂಗಡಿಸುವುದು, ಮುಂದಿನವರ ಬಳಕೆಗೆ ಒದಗುವಂತೆ ಜೋಡಿಸಿಡುವುದು ಕನ್ನಡ ಸಂಶೋಧನೆಗೆ ಹೊಸತಾದ ಕಾರ್ಯವೇನಲ್ಲ. 1886ರಿಂದ ಹೊರಬರತೊಡಗಿದ ಬಿ.ಎಲ್. ರೈಸರ ‘ಎಪಿಗ್ರಾಫಿಯಾ ಕರ್ನಾಟಿಕ’ದ ಸಂಪುಟಗಳು ತಾಲೂಕುವಾರು ಶಾಸನಗಳಿಗೆ ಸಂಖ್ಯೆ ನೀಡಿದುದರಿಂದಲೇ ಇಂದಿಗೂ ಶಾಸನವೊಂದನ್ನು ತಾಲೂಕಿನ ಹೆಸರು ಮತ್ತು ಸಂಖ್ಯೆಯಿಂದ ಗುರುತಿಸುವುದು ಸಾಧ್ಯವಾಗಿದೆ. 1894ರಲ್ಲಿ ಪ್ರಕಟವಾದ ಕಿಟೆಲ್ ನಿಘಂಟು, ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಇವುಗಳ ಹಿಂದೆಯೂ ಇರುವುದು ಅಪಾರ ಸಂಖ್ಯೆಯ ಪ್ರಯೋಗಗಳನ್ನು ಆರಿಸಿ, ಆಕರವನ್ನು ನಮೂದಿಸಿ, ಅಕಾರಾದಿಯಾಗಿ ಜೋಡಿಸಿದ ಶ್ರಮವೇ. ಇಂದಿನ ಪರಿಭಾಷೆಯಲ್ಲಿ ಹೇಳುವುದಾದರೆ ಇವೆಲ್ಲ ದತ್ತಾಂಶ ನಿರ್ವಹಣೆಯ ಕಾರ್ಯಗಳು.

ಈಗ ಚೀಟಿಯ ಸ್ಥಾನಕ್ಕೆ ಗಣಕದ ಕಡತ ಬಂದಿದೆ. ಆದರೆ ಚೀಟಿಯನ್ನು ಬರೆಯುವಾಗ ಹಿಂದಿನ ವಿದ್ವಾಂಸರು ಪಾಲಿಸುತ್ತಿದ್ದ ಶಿಸ್ತು ಕಡತಕ್ಕೆ ಬಂದಂತೆ ಕಾಣುವುದಿಲ್ಲ. ವಿಶ್ವವಿದ್ಯಾಲಯಗಳಲ್ಲಿ ಗಣಕಗಳಿವೆ, ಅಂತರ್ಜಾಲ ಸಂಪರ್ಕವಿದೆ. ಪ್ರತಿಯೊಬ್ಬ ವಿದ್ಯಾರ್ಥಿಯ ಕೈಯಲ್ಲೂ ಧ್ವನಿಮುದ್ರಣ ಮಾಡಬಲ್ಲ, ಛಾಯಾಚಿತ್ರ ತೆಗೆಯಬಲ್ಲ ಮೊಬೈಲ್ ಇದೆ. ಹೀಗಿದ್ದೂ ಒಬ್ಬ ಸಂಶೋಧಕನ ಸಂಗ್ರಹ ಮತ್ತೊಬ್ಬನಿಗೆ ದೊರೆಯುವುದು ಅಪರೂಪ. ಸಂಗ್ರಹಿಸಿದ್ದನ್ನು ಇನ್ನೊಬ್ಬರು ಬಳಸಬಲ್ಲ ಸ್ಥಿತಿಯಲ್ಲಿ ಉಳಿಸುವ ಪರಿಣತಿಯನ್ನು ಕನ್ನಡ ವಿಭಾಗಗಳು ಕಲಿಸುತ್ತಿಲ್ಲ, ಆ ಕೆಲಸಕ್ಕೆ ಮನ್ನಣೆಯನ್ನೂ ನೀಡುತ್ತಿಲ್ಲ ಎಂಬುದು ಇದಕ್ಕೆ ಮುಖ್ಯ ಕಾರಣ. ಈ ಮಾತನ್ನು ಒಂದು ಊರಿನ ನಿದರ್ಶನದಿಂದ ಪರಿಶೀಲಿಸಬಹುದು.

1. ಒಂದು ಊರಿನ ಅಧ್ಯಯನ

ಧಾರವಾಡ ತಾಲೂಕಿನ ಗರಗ ಎರಡು ಕಾರಣಗಳಿಗಾಗಿ ಪ್ರಸಿದ್ಧವಾದ ಊರು. ಒಂದು, ಮಡಿವಾಳೇಶ್ವರರ ಮಠ. ಇನ್ನೊಂದು, ರಾಷ್ಟ್ರಧ್ವಜದ ಖಾದಿ ಬಟ್ಟೆ. 1950ರ ದಶಕದಲ್ಲಿ ಆರಂಭಗೊಂಡ ಇಲ್ಲಿಯ ಕ್ಷೇತ್ರೀಯ ಸೇವಾ ಸಂಘ ಧ್ವಜದ ಬಟ್ಟೆಯನ್ನು ನೇಯಿಸಿದ ಕೀರ್ತಿಗೆ ಪಾತ್ರವಾಗಿದೆ. ನೂಲುವ, ನೇಯುವ ಕೆಲಸದಲ್ಲಿ ತೊಡಗಿದವರಲ್ಲಿ ಹೆಚ್ಚಿನವರು ಗ್ರಾಮೀಣ ಮಹಿಳೆಯರು. 2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆಗೆ ತಿದ್ದುಪಡಿಯಾಗಿ ಯಂತ್ರದಿಂದ ತಯಾರಾದ ಪಾಲಿಯೆಸ್ಟರ್ ಧ್ವಜಗಳಿಗೂ ಅವಕಾಶ ದೊರೆತ ಮೇಲೆ ಈ ಕಸುಬಿನ ಮುಂದಿನ ದಾರಿ ಏನೆಂಬ ಪ್ರಶ್ನೆ ಎದ್ದಿದೆ. ಆದ್ದರಿಂದ ಗರಗದ ಅಧ್ಯಯನ ಈಗ ಕೇವಲ ಕುತೂಹಲದ ವಿಷಯವಾಗಿ ಉಳಿದಿಲ್ಲ, ಕಾಲಮಿತಿಯುಳ್ಳ ಕರ್ತವ್ಯವಾಗಿದೆ.

ಒಬ್ಬ ಸಂಶೋಧಕ ಈ ಊರನ್ನು ಅಧ್ಯಯನಕ್ಕೆ ಆಯ್ದುಕೊಂಡನೆಂದು ಭಾವಿಸೋಣ. ಅವನು ನೋಡಬೇಕಾದ ಆಕರಗಳು ಹಲವು ಬಗೆಯವು: ಮುಂಬಯಿ ಕರ್ನಾಟಕದ ಶಾಸನ ಸಂಪುಟಗಳು, 1884ರ ಧಾರವಾಡ ಜಿಲ್ಲಾ ಗ್ಯಾಸೆಟಿಯರ್, ಮಠದ ಭಜನೆಗಳು ಹಾಗೂ ಐತಿಹ್ಯಗಳು, ಖಾದಿ ಸಂಘದ ದಫ್ತರಗಳು ಮತ್ತು ನೂಲುವವರ ಮಾತು. ಧಾರವಾಡವು 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದುದರಿಂದ ಇಂಗ್ಲಿಷ್ ಮತ್ತು ಮರಾಠಿ ದಾಖಲೆಗಳನ್ನು ಬಿಡುವಂತಿಲ್ಲ. ಈ ಭಾಗದ ಹಳೆಯ ಕಾಗದಪತ್ರಗಳಲ್ಲಿ ಮೋಡಿ ಲಿಪಿಯವೂ ಉಂಟು. ಜಿಲ್ಲೆಯ ಹೆಸರನ್ನೇ ಹಳೆಯ ಇಂಗ್ಲಿಷ್ ದಾಖಲೆಗಳು ‘ಧಾರವಾರ್’ ಎಂದು ಬರೆಯುತ್ತವೆ. ಹುಬ್ಬಳ್ಳಿಯ ಇಂಗ್ಲಿಷ್ ಕಾಗುಣಿತ 2014ರ ನವೆಂಬರ್ 1ರಿಂದ ಬದಲಾಗಿದೆ. ಈ ರೂಪಭೇದಗಳನ್ನು ಒಂದೆಡೆ ಪಟ್ಟಿ ಮಾಡಿಕೊಳ್ಳದೆ ಗಣಕದಲ್ಲಿ ಹುಡುಕಿದವನಿಗೆ ಅರ್ಧ ಸಾಮಗ್ರಿ ಮಾತ್ರ ಸಿಗುತ್ತದೆ. ಉಳಿದರ್ಧ ಇದೆಯೆಂಬುದೂ ಅವನ ಅರಿವಿಗೆ ಬರುವುದಿಲ್ಲ.

ಇನ್ನು ಮೌಖಿಕ ಸಾಮಗ್ರಿಯ ವಿಚಾರ. ಹಂಜಿ, ಕದಿರು, ಲಡಿ, ಹಾಸು, ಹೊಕ್ಕು, ಲಾಳಿ ಮೊದಲಾದ ವೃತ್ತಿಪದಗಳನ್ನು ನೂಲುವ ಹೆಣ್ಣುಮಕ್ಕಳ ಬಾಯಿಂದಲೇ ದಾಖಲಿಸಬೇಕು. ಯಾವ ಪದವನ್ನು ಯಾರು, ಯಾವ ಸಂದರ್ಭದಲ್ಲಿ, ಯಾವ ಉಚ್ಚಾರಣೆಯಲ್ಲಿ ಬಳಸಿದರು ಎಂಬ ವಿವರವಿಲ್ಲದಿದ್ದರೆ ಆ ಪದಪಟ್ಟಿ ಭಾಷಾಶಾಸ್ತ್ರಕ್ಕೆ ಹೆಚ್ಚು ನೆರವಾಗದು. ಮುದ್ರಿಸಿದ ಕಡತಕ್ಕೆ ದಿನಾಂಕ, ಸ್ಥಳ, ವಿಷಯಗಳನ್ನು ಸೂಚಿಸುವ ಹೆಸರಿಡುವುದು, ಎರಡು ಬೇರೆ ಸ್ಥಳಗಳಲ್ಲಿ ಪ್ರತಿ ಇಡುವುದು, ಮಾತನಾಡಿದವರ ಒಪ್ಪಿಗೆ ಪಡೆದು ಅದನ್ನೂ ದಾಖಲಿಸುವುದು ತೀರ ಸಾಮಾನ್ಯವೆನಿಸುವ ಕೆಲಸಗಳು. ಕ್ಷೇತ್ರಕಾರ್ಯದ ಭವಿಷ್ಯ ನಿಂತಿರುವುದು ಇವುಗಳ ಮೇಲೆಯೇ.

2. ಅಕ್ಷರಸಂಕೇತದ ತೊಡಕು

ಸಂಗ್ರಹಿಸಿದ್ದನ್ನು ಬೆರಳಚ್ಚು ಮಾಡುವಲ್ಲಿ ಎರಡನೆಯ ತೊಡಕು ಎದುರಾಗುತ್ತದೆ. 1998ರಲ್ಲಿ ಬಂದ ‘ಬರಹ’, ಅನಂತರ ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ತಂತ್ರಾಂಶಗಳು ಕನ್ನಡ ಬರವಣಿಗೆಯನ್ನು ಗಣಕಕ್ಕೆ ತಂದ ಉಪಕಾರವನ್ನು ಮರೆಯುವಂತಿಲ್ಲ. ಆದರೆ ಆ ಕಾಲದ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನದಲ್ಲಿ ಕನ್ನಡ ಅಕ್ಷರಭಾಗಗಳ ಚಿತ್ರಗಳನ್ನು ಇರಿಸಲಾಗಿತ್ತು. ಕಣ್ಣಿಗೆ ಕನ್ನಡವಾಗಿ ಕಾಣುವುದು ಯಂತ್ರಕ್ಕೆ ಕನ್ನಡವಾಗಿರುವುದಿಲ್ಲ. ಫಾಂಟ್ ಇಲ್ಲದ ಗಣಕದಲ್ಲಿ ಅಂಥ ಕಡತವನ್ನು ತೆರೆದರೆ ಕಾಣಿಸುವುದು ಅರ್ಥಹೀನ ಚಿಹ್ನೆಗಳು ಮಾತ್ರ. ‘ಧರ್ಮ’ ಎಂಬ ಪದದಲ್ಲಿ ಅರ್ಕಾವೊತ್ತನ್ನು ಆ ಪದ್ಧತಿಯು ಕಾಣುವ ಕ್ರಮದಲ್ಲಿ, ಅಂದರೆ ಮಕಾರದ ಅನಂತರ ಇರಿಸುತ್ತದೆ. ಯುನಿಕೋಡ್ ಉಚ್ಚಾರಣೆಯ ಕ್ರಮದಲ್ಲಿ ರೇಫವನ್ನು ಮೊದಲು ಇರಿಸುತ್ತದೆ. ಹಳೆಯ ಕಡತಗಳನ್ನು ಪರಿವರ್ತಿಸುವಾಗ ತಪ್ಪುಗಳು ನುಸುಳುವುದು ಇಂಥ ಎಡೆಗಳಲ್ಲಿ. ಅಕಾರಾದಿ ಜೋಡಣೆ, ಪದಶೋಧ, ಪ್ರಯೋಗಗಳ ಎಣಿಕೆ ಇವಾವುವೂ ಪರಿವರ್ತಿಸಿ ತಿದ್ದಿದ ಹೊರತು ನೆಚ್ಚುವಂತಿರುವುದಿಲ್ಲ.

ಇದು ತಂತ್ರಜ್ಞರಿಗೆ ಬಿಟ್ಟ ವಿಷಯವೆಂದು ಕನ್ನಡ ಅಧ್ಯಾಪಕರು ದೂರ ಉಳಿದರೆ ಆಗುವ ಹಾನಿಗೆ ಯುನಿಕೋಡಿನಲ್ಲೇ ಒಂದು ಸಾಕ್ಷಿಯಿದೆ. ಹಳಗನ್ನಡದ ರಳಾಕ್ಷರವಾದ ‘ೞ’ಕ್ಕೆ ಆ ಪಟ್ಟಿಯಲ್ಲಿ ಇಂಗ್ಲಿಷಿನಲ್ಲಿ ನೀಡಿರುವ ಹೆಸರು ‘ಫ’ ಎಂದು! ಅದು ತಪ್ಪೆಂಬ ಟಿಪ್ಪಣಿಯನ್ನು ಅನಂತರ ಸೇರಿಸಲಾಗಿದೆ. ಆದರೆ ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ತಪ್ಪು ಶಾಶ್ವತವಾಗಿ ಉಳಿದಿದೆ. ಕೇಶಿರಾಜನ ವ್ಯಾಕರಣವನ್ನು ಓದಿದ ಯಾವ ಎಂ.ಎ. ವಿದ್ಯಾರ್ಥಿಯಾದರೂ ಈ ತಪ್ಪನ್ನು ಮೊದಲ ನೋಟದಲ್ಲೇ ಗುರುತಿಸಬಲ್ಲ. ನಕಾರ ಪೊಲ್ಲಿಗೆ ಪ್ರತ್ಯೇಕ ಸ್ಥಾನ ದೊರೆತದ್ದು 2021ರಲ್ಲಿ. ಹಳಗನ್ನಡ ಪಠ್ಯಗಳ ಯಥಾವತ್ತಾದ ಪ್ರತಿಯನ್ನು ಗಣಕದಲ್ಲಿ ಸಿದ್ಧಪಡಿಸುವವರಿಗೆ ಇವೆಲ್ಲ ಗ್ರಂಥಸಂಪಾದನೆಯ ಅಂಗವೇ ಆಗಿವೆ.

3. ಸಲ್ಲಿಕೆಯಾದ ಪ್ರಬಂಧ, ಉಳಿಯದ ಆಕರ

ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2009ರ ನಿಯಮಾವಳಿಯು ಪಿಎಚ್.ಡಿ. ಪ್ರಬಂಧದ ವಿದ್ಯುನ್ಮಾನ ಪ್ರತಿಯನ್ನು ಸಲ್ಲಿಸುವುದನ್ನು ಕಡ್ಡಾಯಗೊಳಿಸಿತು. ಇನ್‌ಫ್ಲಿಬ್‌ನೆಟ್ ಕೇಂದ್ರದ ‘ಶೋಧಗಂಗಾ’ದಲ್ಲಿ ಇಂದು ಕನ್ನಡ ಪ್ರಬಂಧಗಳೂ ಎಲ್ಲರ ಓದಿಗೆ ದೊರೆಯುತ್ತಿವೆ. ಇದು ಸ್ವಾಗತಾರ್ಹ ಬೆಳವಣಿಗೆ. ಆದರೆ ಅಲ್ಲಿಯ ಎಷ್ಟೋ ಕನ್ನಡ ಪ್ರಬಂಧಗಳು ಪುಟಗಳ ಛಾಯಾಪ್ರತಿಗಳು. ಅವುಗಳೊಳಗೆ ಒಂದು ಪದವನ್ನು ಹುಡುಕಲಾಗದು. ಅದಕ್ಕಿಂತ ಮುಖ್ಯವಾದ ಸಂಗತಿ, ಪ್ರಬಂಧ ಅಲ್ಲಿದ್ದರೂ ಅದಕ್ಕೆ ಆಧಾರವಾದ ಧ್ವನಿಮುದ್ರಣ, ಪದಪಟ್ಟಿ, ಪಾಠಾಂತರಗಳ ಕೋಷ್ಟಕ ಅಲ್ಲಿರುವುದಿಲ್ಲ. ಅವು ಸಂಶೋಧಕನ ಮನೆಯ ಪೆಟ್ಟಿಗೆಯಲ್ಲೋ ಕೆಟ್ಟುಹೋದ ಗಣಕದಲ್ಲೋ ಉಳಿದು ಕೊನೆಗೆ ನಾಶವಾಗುತ್ತವೆ. ಮತ್ತೊಬ್ಬ ವಿದ್ಯಾರ್ಥಿ ಅದೇ ಊರಿಗೆ ಹೋಗಿ ಅದೇ ಪ್ರಶ್ನೆಗಳನ್ನು ಮೊದಲಿನಿಂದ ಕೇಳಬೇಕಾಗುತ್ತದೆ. ಅಷ್ಟರಲ್ಲಿ ಉತ್ತರ ಹೇಳಬಲ್ಲ ಹಿರಿಯರು ಇಲ್ಲವಾಗಿರುತ್ತಾರೆ.

4. ಸಾಧ್ಯತೆಯ ಎರಡು ಮಾದರಿಗಳು

ಶಿಸ್ತಿನಿಂದ ಸಿದ್ಧಪಡಿಸಿದ ಸಾಮಗ್ರಿ ಏನನ್ನು ಸಾಧಿಸಬಲ್ಲದು ಎಂಬುದಕ್ಕೆ ವಚನ ಸಾಹಿತ್ಯವೇ ಉತ್ತಮ ಉದಾಹರಣೆ. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರ್ಕಾರವು ಪ್ರಕಟಿಸಿದ ಸಮಗ್ರ ವಚನ ಸಂಪುಟಗಳು ವಚನಗಳನ್ನು ವಚನಕಾರರ ಹೆಸರಿನಡಿ, ಕ್ರಮಸಂಖ್ಯೆಯೊಡನೆ ಒದಗಿಸಿದವು. ಮುಂದೆ ‘ವಚನ ಸಂಚಯ’ ಯೋಜನೆಯು ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳನ್ನು ಯುನಿಕೋಡಿನಲ್ಲಿ, ಪದಶೋಧದ ಸೌಲಭ್ಯದೊಡನೆ ಅಂತರ್ಜಾಲಕ್ಕೆ ತಂದಿತು. ‘ಕಾಯಕ’ ಪದವನ್ನು ಯಾವ ಯಾವ ವಚನಕಾರರು ಬಳಸಿದ್ದಾರೆ ಎಂಬ ಪ್ರಶ್ನೆಗೆ ಹಿಂದೆ ತಿಂಗಳುಗಟ್ಟಲೆ ಸಂಪುಟಗಳನ್ನು ತಿರುವಬೇಕಿತ್ತು. ಈಗ ಪ್ರಯೋಗಗಳ ಪಟ್ಟಿ ಕ್ಷಣದಲ್ಲಿ ದೊರೆಯುತ್ತದೆ. ಅರ್ಥವಿವೇಚನೆಯ ಹೊಣೆ ಮಾತ್ರ ಎಂದಿನಂತೆ ವಿದ್ವಾಂಸರದೇ.

ಸಂಪನ್ಮೂಲದ ಕೊರತೆಯನ್ನು ಕಾರಣವಾಗಿ ಮುಂದಿಡುವವರು ಆಫ್ರಿಕಾ ಖಂಡದ ಅನುಭವವನ್ನು ಗಮನಿಸಬೇಕು. ಕನ್ನಡದಂತೆಯೇ ಅಲ್ಲಿಯ ಅನೇಕ ಭಾಷೆಗಳಿಗೆ ಗಣಕದಲ್ಲಿ ದೊರೆಯುವ ಪಠ್ಯ ಅಲ್ಪ. ಹಲವು ಭಾಷೆಗಳ ಸ್ಥಿತಿ ಕನ್ನಡಕ್ಕಿಂತಲೂ ಕಠಿಣ. ಆದರೂ ‘ಮಸಖಾನೆ’ ಎಂಬ ಸಂಶೋಧಕರ ಬಳಗವು ಆಫ್ರಿಕಾದ ಭಾಷೆಗಳಿಗಾಗಿ ಆಫ್ರಿಕಾದವರೇ ದತ್ತಾಂಶ ರೂಪಿಸಬೇಕೆಂಬ ನಿಲುವಿನಿಂದ ಹಲವು ದೇಶಗಳ ವಿದ್ಯಾರ್ಥಿಗಳನ್ನೂ ಭಾಷಿಕರನ್ನೂ ಒಗ್ಗೂಡಿಸಿದೆ. ಜುಲು ಭಾಷೆಯ ಆ ಹೆಸರಿಗೆ ‘ಒಟ್ಟಾಗಿ ಕಟ್ಟೋಣ’ ಎಂಬ ಅರ್ಥವಿದೆ. ದಕ್ಷಿಣ ಆಫ್ರಿಕಾದಲ್ಲಿ ನಾರ್ತ್-ವೆಸ್ಟ್ ವಿಶ್ವವಿದ್ಯಾಲಯವನ್ನು ನೆಲೆಯಾಗಿಸಿಕೊಂಡ ‘ಸಾಡಿಲಾರ್’ ಕೇಂದ್ರವು ದೇಶದ ಅಧಿಕೃತ ಭಾಷೆಗಳ ಪಠ್ಯ ಮತ್ತು ಧ್ವನಿ ಸಾಮಗ್ರಿಯನ್ನು ಒಂದೆಡೆ ಕಾಪಿಡುವುದರ ಜೊತೆಗೆ ಮಾನವಿಕ ವಿಭಾಗಗಳ ಸಂಶೋಧಕರಿಗೆ ತರಬೇತಿಯನ್ನೂ ನೀಡುತ್ತದೆ. ಭಂಡಾರವೂ ತರಬೇತಿಯೂ ಜೊತೆಯಾಗಿ ಸಾಗಬೇಕೆಂಬುದು ಈ ಪ್ರಯತ್ನದಿಂದ ಕಲಿಯಬೇಕಾದ ಪಾಠ.

5. ಆಕ್ಷೇಪಗಳ ಪರಿಶೀಲನೆ

ಸಾಹಿತ್ಯದ ವಿದ್ಯಾರ್ಥಿಗೆ ಬೇಕಾದುದು ಓದು ಮತ್ತು ವಿವೇಚನೆ, ಎಣಿಕೆಯಲ್ಲ ಎಂಬ ಆಕ್ಷೇಪವನ್ನು ಲಘುವಾಗಿ ಕಾಣಬಾರದು. ಅಂಕಿಸಂಖ್ಯೆಗಳ ಮೋಹದಲ್ಲಿ ಕೃತಿಯೇ ಮರೆಯಾಗುವ ಅಪಾಯ ಇದ್ದೇ ಇದೆ. ಆದರೆ ಪ್ರಸ್ತುತ ಸನ್ನಿವೇಶದಲ್ಲಿ ಇನ್ನೊಂದು ಅಪಾಯ ಅದಕ್ಕಿಂತ ಹತ್ತಿರದಲ್ಲಿದೆ. ಕೃತಕ ಬುದ್ಧಿಮತ್ತೆಯ ಸಾಧನಗಳು ಕೇಳಿದೊಡನೆ ಉತ್ತರ ಹೆಣೆದುಕೊಡುತ್ತವೆ. ಕೂಡಲಸಂಗಮದೇವನ ಅಂಕಿತವನ್ನಿಟ್ಟು ಬಸವಣ್ಣನವರು ಎಂದೂ ಹೇಳದ ವಚನವನ್ನೂ ರಚಿಸಬಲ್ಲವು. ಅದನ್ನು ಸಂಪುಟ ಮತ್ತು ಸಂಖ್ಯೆಯೊಡನೆ ತಾಳೆನೋಡಿ ತಿರಸ್ಕರಿಸುವ ಸಾಮರ್ಥ್ಯ ಇರುವುದು ಪಾಠಶುದ್ಧಿಯನ್ನು ಬಲ್ಲವರಲ್ಲಿ. ಆ ತಿಳಿವಳಿಕೆಗೆ ಆಸರೆಯಾಗಿ ಶುದ್ಧ ದತ್ತಾಂಶ ಇರಬೇಕಷ್ಟೆ. ಹೀಗಾಗಿ ಗಣಕ ಪರಿಣತಿಯು ಓದಿಗೆ ವಿರೋಧಿಯಾಗದೆ ಅದಕ್ಕೆ ಕಾವಲಾಗುತ್ತದೆ.

ಎರಡನೆಯ ಆಕ್ಷೇಪ, ಸಂಗ್ರಹವನ್ನು ಹಂಚಿಕೊಂಡರೆ ಇತರರು ಅದನ್ನು ತಮ್ಮದೆಂದು ಪ್ರಕಟಿಸಿಕೊಂಡಾರು ಎಂಬ ಭಯ. ಇದು ನಿರಾಧಾರವೇನಲ್ಲ. ಪರಿಷ್ಕರಿಸಿದ ಪದಪಟ್ಟಿಯನ್ನಾಗಲಿ ವಿವರಣೆಸಹಿತವಾದ ಧ್ವನಿಸಂಗ್ರಹವನ್ನಾಗಲಿ ವಿದ್ವತ್ ಪ್ರಕಟಣೆಯೆಂದು ಪರಿಗಣಿಸದಿರುವವರೆಗೆ ಈ ಭಯ ಹೋಗುವುದೂ ಇಲ್ಲ. ಸಂಗ್ರಾಹಕನ ಹೆಸರಿನಲ್ಲಿ, ದಿನಾಂಕದೊಡನೆ ಅಧಿಕೃತ ಭಂಡಾರದಲ್ಲಿ ದಾಖಲಾದ ಸಾಮಗ್ರಿಯೇ ಕೃತಿಚೌರ್ಯಕ್ಕೆ ಎದುರಾಗಿ ನಿಲ್ಲುವ ಪುರಾವೆ.

6. ಆಗಬೇಕಾದ ಕಾರ್ಯ

ಮೊದಲನೆಯದು ಪಠ್ಯಕ್ರಮಕ್ಕೆ ಸಂಬಂಧಿಸಿದ್ದು. ಸಂಶೋಧನ ಮತ್ತು ಪ್ರಕಟಣ ನೀತಿಯನ್ನು ಕುರಿತ ಎರಡು ಕ್ರೆಡಿಟ್ಟುಗಳ ಪತ್ರಿಕೆಯನ್ನು ಆಯೋಗವು ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಈಗಾಗಲೇ ಗೊತ್ತುಪಡಿಸಿದೆ. ಅದು ಎಲ್ಲ ವಿಷಯಗಳಿಗೂ ಸಾಮಾನ್ಯವಾದುದು; ಕನ್ನಡದ ಅಕ್ಷರಸಂಕೇತ, ಅಕಾರಾದಿ, ಪಾಠಾಂತರಗಳ ದಾಖಲೆ, ಕ್ಷೇತ್ರಕಾರ್ಯದ ಕಡತ ನಿರ್ವಹಣೆ ಅದರಲ್ಲಿಲ್ಲ. ಅದರೊಡನೆ ಕನ್ನಡ ವಿಭಾಗಗಳೇ ರೂಪಿಸಿದ ಪ್ರಾಯೋಗಿಕ ಪತ್ರಿಕೆಯೊಂದು ಇರಬೇಕು. ಗ್ರಂಥಸಂಪಾದನಶಾಸ್ತ್ರವನ್ನು ಬೋಧಿಸುವ ಅಧ್ಯಾಪಕರೇ ಇದನ್ನೂ ಬೋಧಿಸುವುದು ಉಚಿತ. ಎರಡನೆಯದಾಗಿ, ಪ್ರಬಂಧದೊಡನೆ ಅದರ ಆಕರ ಸಾಮಗ್ರಿಯನ್ನೂ ಯುನಿಕೋಡಿನಲ್ಲಿ, ವಿವರಸೂಚಿಯೊಡನೆ ವಿಭಾಗಕ್ಕೆ ಒಪ್ಪಿಸುವ ನಿಯಮವಾಗಬೇಕು. ಮಾಹಿತಿ ನೀಡಿದವರ ಒಪ್ಪಿಗೆಯಿಲ್ಲದ್ದನ್ನು ಸಾರ್ವಜನಿಕಗೊಳಿಸಬಾರದು. ಮೂರನೆಯದಾಗಿ, ಧಾರವಾಡ, ಹಂಪಿ, ಮೈಸೂರು, ಬೆಂಗಳೂರುಗಳ ವಿಭಾಗಗಳು ಬೇರೆಬೇರೆ ಭಂಡಾರಗಳನ್ನು ಕಟ್ಟಿದರೂ ವಿವರಸೂಚಿಯ ಮಾದರಿಯನ್ನಾದರೂ ಒಂದೇ ಆಗಿ ಇರಿಸಿಕೊಳ್ಳಬೇಕು.

ಈ ಕೊನೆಯ ಮಾತಿಗೆ ಗರಗದಲ್ಲೇ ಸಮರ್ಥನೆಯಿದೆ. ರಾಷ್ಟ್ರಧ್ವಜದ ನಿರ್ದಿಷ್ಟತೆಯು ಭಾರತೀಯ ಮಾನಕಗಳಲ್ಲಿ ಒಂದನೆಯ ಸಂಖ್ಯೆಯದು, 1951ರಲ್ಲಿ ಹೊರಬಂದುದು. ಎಳೆಗಳ ಎಣಿಕೆ, ಬಣ್ಣ, ಅಳತೆ ಎಲ್ಲವನ್ನೂ ಮೊದಲೇ ಗೊತ್ತುಮಾಡಿರುವುದರಿಂದ ಯಾವುದೋ ಹಳ್ಳಿಯ ಮಗ್ಗದಲ್ಲಿ ನೇಯ್ದ ಬಟ್ಟೆ ದೇಶದ ಯಾವ ಮೂಲೆಯಲ್ಲಾದರೂ ಧ್ವಜವಾಗಿ ಸಲ್ಲುತ್ತದೆ. ಕನ್ನಡ ಸಂಶೋಧನೆಯ ಆಕರಗಳಿಗೆ ಅಂಥದೊಂದು ಒಪ್ಪಿತ ಮಾನಕ ಇನ್ನೂ ರೂಢಿಗೆ ಬಂದಿಲ್ಲ. ನೂಲುವ ಹಿರಿಯ ತಲೆಮಾರಿನ ಮಾತು ಇನ್ನೂ ಕೇಳಿಸುತ್ತಿರುವಾಗಲೇ ವಿಭಾಗಗಳು ಈ ಕಾರ್ಯಕ್ಕೆ ಮುಂದಾಗಬೇಕಾಗಿದೆ.